ಅಸಲು ಬೆಲೆಯ ಬ್ರೆಡ್ಡು

ಮೂಲೆಯಂಗಡಿಯವಳು ಬೇಕರಿಯ ಮುಂದೆ ಸಾಲಿನಲ್ಲಿ ನಿಂತದ್ದನ್ನು ಕಂಡಾಗ ಬೇಕರಿಯಮ್ಮನಿಗೆ ಎದ್ದು ಒಳಗೆ ಹೋಗಿಬಿಡೋಣ ಅನ್ನಿಸಿತು. ಹೋಗುವ ಹಾಗಿರಲಿಲ್ಲ. ಬೆಳಗಿನ ಎಂಟು ಗಂಟೆ, ಗಿರಾಕಿಗಳು ಮುಗಿಬಿದ್ದಿದ್ದರು, ಕಟ್ಟಿಕೊಡುವವಳು ಅವಳೊಬ್ಬಳೇ. ಒಂದೊಂದೇ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಡುತ್ತ, ತಲೆ ಎತ್ತದೆ, ಆ ಹೆಂಗಸಿನ ಸರದಿ ಬರುವುದನ್ನು ಕಾದಳು.

ಅದೇ ಬೀದಿಯ ಆ ತುದಿಯಲ್ಲಿ ಇಪ್ಪತ್ತೆರಡು ವರ್ಷ ತಾನೇ ಬ್ರೆಡ್ಡು ಮಾಡಿ ಮಾರಿದವಳು ಮೂಲೆಯಂಗಡಿಯವಳು. ಇಬ್ಬರ ನಡುವೆ ಮನಸ್ತಾಪ ಅಂತ ಯಾವತ್ತೂ ಇರಲಿಲ್ಲ. ಒಂದೇ ಕ್ರೈಸ್ತ ಸಭೆಗೆ ಸೇರಿದವರು. ಭಾನುವಾರ ದೇವಾಲಯದಲ್ಲಿ ಹಿಂದುಮುಂದಿನ ಬೆಂಚು. ಈಸ್ಟು ಮುಗಿದರೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಬಟ್ಟಲು ಓಡಾಡಿದ್ದೂ ಉಂಟು.

"ಎರಡು ಕೊಡು ತಂಗಿ," ಅಂದಳು ಅವಳು, ಕಾಸು ಮೇಜಿನ ಮೇಲಿಟ್ಟು.

"ಯಾಕಕ್ಕಾ, ನಿಮ್ಮಲ್ಲಿ ಇವತ್ತು ಒಲೆ ಹಚ್ಚಲಿಲ್ವಾ?"

"ಇನ್ನು ಹಚ್ಚೋದಿಲ್ಲ. ನಿನ್ನೆ ಬಾಗಿಲು ಹಾಕಿದೆ. ನೀವು ಮಾರೋ ರೇಟಿಗೆ ನನಗೆ ಹಿಟ್ಟು ಸೌದೆ ಗಿಟ್ಟೋದೇ ಕಷ್ಟ. ಮೂರು ವರ್ಷ ಉಸಿರು ಬಿಗಿಹಿಡಿದು ನೋಡಿದೆ, ಆಗಲಿಲ್ಲ." ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬೇಕರಿಯಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. "ನಿನ್ನ ಗಂಡ ದೇವರಿಗೆ ಕೊಟ್ಟ ಮಾತಿನಲ್ಲಿ ನಮ್ಮಂಗಡಿಯೂ ಸೇರಿತ್ತು ಅಂತ ನಮಗೆ ಗೊತ್ತಿರಲಿಲ್ಲ, ನೋಡು."

ಹಿಂದೆ ನಿಂತಿದ್ದ ಗಿರಾಕಿ ಗಂಟಲು ಸರಿಮಾಡಿಕೊಂಡ. ಮೂಲೆಯಂಗಡಿಯವಳು ಬ್ರೆಡ್ಡನ್ನು ಬೆರಳಿಂದ ಒತ್ತಿ ನೋಡಿ, ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಒತ್ತಿ ನೋಡಿದ್ದು ಹಳೆಯ ಅಭ್ಯಾಸ.

ಆ ಮಾತು ಕೊಟ್ಟದ್ದು ಮೂರು ವರ್ಷದ ಹಿಂದೆ. ಬೇಕರಿಯಮ್ಮನಿಗೆ ಕರುಳು ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತು. ಹನ್ನೊಂದು ದಿನ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಡಾಕ್ಟರು ಕೈಚೆಲ್ಲಿ, ಹತ್ತಿರದವರಿಗೆ ಹೇಳಿಕಳಿಸಿ ಅಂದುಬಿಟ್ಟಿದ್ದರು. ಆ ಭಾನುವಾರ ಗಂಡ ಆಸ್ಪತ್ರೆಯಿಂದ ನೇರವಾಗಿ ದೇವಾಲಯಕ್ಕೆ ಹೋದ. ಗಡ್ಡ ಬಿಟ್ಟ ಮುಖ, ಮಾಸಿದ ಅಂಗಿ. ಪ್ರಾರ್ಥನೆಯ ನಡುವೆ ಎದ್ದು ನಿಂತು, ಇನ್ನೂರು ಜನರ ಎದುರು, "ಕರ್ತನೇ, ಅವಳು ಮನೆಗೆ ಬಂದರೆ, ಅವಳು ಬದುಕಿರುವಷ್ಟು ಕಾಲ ಬ್ರೆಡ್ಡಿನ ಮೇಲೆ ಒಂದು ಕಾಸೂ ಲಾಭ ಮುಟ್ಟೋದಿಲ್ಲ" ಎಂದು ಹರಕೆ ಹೊತ್ತ. ಮೂರನೆಯ ದಿನ ಅವಳು ಕಣ್ಣು ತೆರೆದು ನೀರು ಕೇಳಿದಳು.

ಅಂದಿನಿಂದ ಬ್ರೆಡ್ಡು ಅಸಲಿಗೆ. ಹಿಟ್ಟು, ಸಕ್ಕರೆ, ಈಸ್ಟು, ಸೌದೆ, ಬಾಡಿಗೆ, ಒಲೆ ನೋಡಿಕೊಳ್ಳುವ ಭಟ್ಟಿಮಾಮನ ಸಂಬಳ, ಗಂಡ ಹೆಂಡಿರ ಎರಡು ಹೊತ್ತಿನ ಊಟ, ಇಷ್ಟನ್ನು ಕೂಡಿ ಬ್ರೆಡ್ಡುಗಳ ಲೆಕ್ಕದಿಂದ ಭಾಗಿಸಿದರೆ ಬಂದದ್ದೇ ಬೆಲೆ. ಊರಿಗೆಲ್ಲ ಸುಗ್ಗಿ. ಗಿರಾಕಿಗಳು ಅವಳ ಮುಖ ಕಂಡರೆ, "ನೀವು ನೂರು ವರ್ಷ ಬಾಳಬೇಕಮ್ಮಾ, ಇಲ್ಲದಿದ್ರೆ ರೇಟು ಏರುತ್ತೆ" ಎಂದು ನಗುತ್ತಿದ್ದರು. ತಮಾಷೆಯ ಮಾತೇ. ಆದರೆ ದಿನಕ್ಕೆ ಹತ್ತು ಸಲ ಕೇಳಿದರೆ ಯಾವ ತಮಾಷೆ ತಮಾಷೆಯಾಗಿ ಉಳಿಯುತ್ತದೆ? ತಾನು ಬದುಕಿ ಬಂದದ್ದು ತನಗಾಗಿಯೋ, ಇವರ ಬೆಳಗಿನ ತಿಂಡಿಗಾಗಿಯೋ ಎಂದು ಅವಳಿಗೆ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಬಾಯಿಬಿಟ್ಟು ಹೇಳುವಂತಿಲ್ಲ. ಯಾರ ಜೀವಕ್ಕಾಗಿ ಹರಕೆ ಹೊತ್ತರೋ ಅವಳೇ ಹರಕೆ ಭಾರ ಅಂದರೆ ಜನ ಏನಂದಾರು? ಗಂಡ ಏನು ತಿಳಿದಾನು?

ಮಾವನ ಕಾಲದಲ್ಲಿ ಹೀಗಿರಲಿಲ್ಲ. ಅವರೂ ದೇವರಿಗೆ ಹೆದರಿ ನಡೆದವರೇ. ತೂಕದಲ್ಲಿ ಒಂದು ಗುಂಜಿ ಕಡಿಮೆ ಮಾಡಿದವರಲ್ಲ. ಆದರೆ ಲಾಭ ಎಂಬ ಮಾತಿಗೆ ಮುಖ ಸಿಂಡರಿಸಿದವರೂ ಅಲ್ಲ. "ಹಸಿದವನ ಹೊಟ್ಟೆ ಮೇಲೆ ಕೂತು ತಗೊಂಡ್ರೆ ಪಾಪ. ನಿಯತ್ತಾಗಿ ದುಡಿದು ತಗೊಂಡ್ರೆ ಅದೂ ದೇವರು ಕೊಟ್ಟದ್ದೇ" ಎನ್ನುತ್ತಿದ್ದರು. ಆ ಲಾಭದಲ್ಲೇ ಐದು ವರ್ಷಕ್ಕೊಮ್ಮೆ ಭಟ್ಟಿಯ ಕಮಾನು ಬಿಚ್ಚಿ ಹೊಸ ಇಟ್ಟಿಗೆ ಕಟ್ಟಿಸುತ್ತಿದ್ದರು, ಸಭೆಗೆ ದಶಮಾಂಶ ಕೊಡುತ್ತಿದ್ದರು, ವೃದ್ಧಾಶ್ರಮಕ್ಕೆ ಶನಿವಾರ ಶನಿವಾರ ಒಂದು ಬುಟ್ಟಿ ಬನ್ನು ಕಳಿಸುತ್ತಿದ್ದರು. ಈಗ ಅದ್ಯಾವುದೂ ಇಲ್ಲ. ಲಾಭವೇ ಇಲ್ಲದ ಮೇಲೆ ಹತ್ತರಲ್ಲಿ ಒಂದು ಪಾಲು ಎಲ್ಲಿಂದ ತೆಗೆಯುವುದು? ಸಭೆಯ ಖಜಾಂಚಿ ಬ್ರೆಡ್ಡು ಕೊಳ್ಳಲು ಬಂದಾಗ, "ನಿಮ್ಮ ಯಜಮಾನರ ಭಕ್ತಿ ದೊಡ್ಡದು, ನಮ್ಮ ಹುಂಡಿಗೆ ಮಾತ್ರ ತೂತು" ಎಂದು ಗೊಣಗುತ್ತ ನಾಲ್ಕು ಬ್ರೆಡ್ಡು ಒಯ್ಯುತ್ತಿದ್ದರು.

ಮೂಲೆಯಂಗಡಿಯವಳು ಬಂದು ಹೋದ ಮಧ್ಯಾಹ್ನ, ಊಟಕ್ಕೆ ಕೂತಾಗ, ಬೇಕರಿಯಮ್ಮ ಮಾತು ತೆಗೆದಳು.

"ಅಕ್ಕ ಅಂಗಡಿ ಮುಚ್ಚಿದ್ರಂತೆ."

"ಕೇಳಿದೆ. ಪಾಪ."

"ನಮ್ಮಿಂದಾನೇ ಅಲ್ವೇನ್ರೀ?"

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಕೆಟ್ಟವನಲ್ಲ ಅವನು, ಹೊಗಳಿಕೆಗೆ ಉಬ್ಬುವವನೂ ಅಲ್ಲ. ಹೆದರಿದವನು. ದಿನಾ ಬೆಳಿಗ್ಗೆ ಏಳುವ ಮೊದಲು ಅವಳ ಮೂಗಿನ ಬಳಿ ಅಂಗೈ ಹಿಡಿದು ಉಸಿರು ನೋಡುತ್ತಿದ್ದ. ಅವಳು ನಿದ್ದೆಯಲ್ಲಿದ್ದ ಹಾಗೆ ಮಲಗಿರುತ್ತಿದ್ದಳು.

"ಬೇರೆ ಏನಾದ್ರೂ ಕೇಳು," ಅಂದ. "ಇದೊಂದು ಬೇಡ. ಅದು ಬ್ರೆಡ್ಡಿನ ರೇಟಲ್ಲ, ನಿನ್ನ ರೇಟು. ನಾನು ಅದರಲ್ಲಿ ಚೌಕಾಸಿ ಮಾಡೋದಿಲ್ಲ."

ಮೂರು ವರ್ಷದಿಂದ ಅವಳ ಬಾಯಿ ಕಟ್ಟಿದ್ದು ಇದೇ ಮಾತು. ಪ್ರೀತಿಯಿಂದ ಆಡಿದ ಮಾತಿಗೆ ಎದುರಾಡುವುದು ಹೇಗೆ? ತಟ್ಟೆ ಎತ್ತಿಕೊಂಡು ಎದ್ದಳು.

ಅದಾಗಿ ಎರಡು ವಾರಕ್ಕೆ ಭಟ್ಟಿಯ ಕಮಾನು ಕುಸಿಯಿತು.

ಕಮಾನಿನಲ್ಲಿ ಬಿರುಕು ಬಿಟ್ಟು ವರ್ಷವಾಗಿತ್ತು. ಭಟ್ಟಿಮಾಮ ಮಾವನ ಕಾಲದವನು, ಅರವತ್ತು ದಾಟಿದವನು, ಬೆಂಕಿಯ ಬಣ್ಣ ನೋಡಿಯೇ ಕಾವು ಎಷ್ಟೆಂದು ಹೇಳುವವನು. "ಇಟ್ಟಿಗೆ ಮುದುಕರ ಹಲ್ಲಿನ ಹಾಗೆ ಅಲ್ಲಾಡ್ತಿದೆ, ಬಿಚ್ಚಿ ಕಟ್ಟಿಸಬೇಕು" ಎಂದು ನಾಲ್ಕೈದು ಸಲ ಹೇಳಿದ್ದ. ಗಂಡ ಪ್ರತಿ ಸಲವೂ ಮಣ್ಣು ಮೆತ್ತಿಸಿ, ಮುಂದಿನ ತಿಂಗಳು ನೋಡೋಣ ಅಂದಿದ್ದ. ಮುಂದಿನ ತಿಂಗಳಿಗೆಂದು ಎತ್ತಿಡಲು ಅಸಲು ಬೆಲೆಯಲ್ಲಿ ಏನು ಮಿಗುತ್ತದೆ? ಆ ದಿನ ಹತ್ತು ಗಂಟೆಯ ಹೊತ್ತಿಗೆ ಮಾಮ ಉದ್ದ ಹಿಡಿಯ ಹಲಗೆ ಹಾಕಿ ಬ್ರೆಡ್ಡಿನ ಅಚ್ಚುಗಳನ್ನು ಎಳೆಯುತ್ತಿದ್ದ. ಒಂದು ಅಚ್ಚು ಒಳಗೆ ಮಗುಚಿಕೊಂಡಿತು. ತೆಗೆಯಲು ಬಲಗೈಯನ್ನು ಭುಜದವರೆಗೂ ಒಳಗೆ ಚಾಚಿದ. ಕಾದು ಸುಡುತ್ತಿದ್ದ ಇಟ್ಟಿಗೆಗಳು ಏಳೆಂಟು ಒಟ್ಟಿಗೇ ಅವನ ತೋಳಿನ ಮೇಲೆ ಬಿದ್ದವು.

ಅವನು ಕೂಗಲಿಲ್ಲ. "ಅಮ್ಮಾ, ಸ್ವಲ್ಪ ಬನ್ನಿ" ಅಂದ ಅಷ್ಟೆ. ಅವಳು ಓಡಿ ಬಂದು ನೋಡಿದಾಗ ಇಟ್ಟಿಗೆ ಸರಿಸಲು ಎಡಗೈಯನ್ನೂ ಒಳಗೆ ಹಾಕುತ್ತಿದ್ದ. ಅವಳು ಬರಿ ಒದ್ದೆ ಗೋಣಿಯಲ್ಲೇ ಇಟ್ಟಿಗೆಗಳನ್ನು ಎಳೆದು ಬಿಸುಟು ಅವನನ್ನು ಹೊರಗೆಳೆದಳು. ಗಂಡ ಹಿಟ್ಟಿನ ಕೈಯಲ್ಲೇ ಅವನನ್ನು ಹೊತ್ತುಕೊಂಡು ಬೀದಿಗೆ ಓಡಿದ.

ಆ ಭಾನುವಾರ ಸಭೆಯಲ್ಲಿ ಭಟ್ಟಿಮಾಮನ ಆಸ್ಪತ್ರೆಯ ಖರ್ಚಿಗೆಂದು ತಟ್ಟೆ ಹಿಡಿದರು. ಜನ ಧಾರಾಳವಾಗಿಯೇ ಹಾಕಿದರು. ತಟ್ಟೆ ಬೆಂಚಿನಿಂದ ಬೆಂಚಿಗೆ ಬರುವುದನ್ನು ಬೇಕರಿಯಮ್ಮ ನೋಡುತ್ತ ಕೂತಿದ್ದಳು. ಮೂರು ವರ್ಷ ಬ್ರೆಡ್ಡಿನಲ್ಲಿ ಇವರೆಲ್ಲ ಉಳಿಸಿದ್ದರಲ್ಲಿ ಒಂದು ಚೂರು ಕೊಟ್ಟಿದ್ದರೆ ಹೊಸ ಕಮಾನು ಆಗುತ್ತಿತ್ತು. ಈಗ ಅದೇ ಕಾಸು ದಾನವಾಗಿ ಬರುತ್ತಿದೆ, ಸುಟ್ಟ ತೋಳಿಗೆ. ತಟ್ಟೆ ಅವಳ ಬಳಿಗೆ ಬಂತು. ಅವಳ ಹತ್ತಿರ ಹಾಕಲು ಏನೂ ಇರಲಿಲ್ಲ. ಹಿಂದಿನ ಬೆಂಚಿನಿಂದ ಮೂಲೆಯಂಗಡಿಯವಳ ಕೈ ಬಂದು ತಟ್ಟೆ ತೆಗೆದುಕೊಂಡಿತು.

ಮಾರನೆಯ ದಿನ ಮಧ್ಯಾಹ್ನ ಬೇಕರಿಯಮ್ಮ ಅಯ್ಯನವರನ್ನು ಕಾಣಲು ಹೋದಳು. ಸಭೆ ನಡೆಸುವ ಅಯ್ಯನವರು ಒಳ್ಳೆಯ ಮನುಷ್ಯರು. ಮದುವೆಗೂ ಸಾವಿಗೂ ಕರೆಯುವ ಮೊದಲೇ ಬಂದು ನಿಲ್ಲುವವರು. ದೇವಾಲಯದ ಪಕ್ಕದ ಕೋಣೆಯಲ್ಲಿ ಮುರಿದ ಕುರ್ಚಿಯ ಕಾಲಿಗೆ ಹಗ್ಗ ಬಿಗಿಯುತ್ತಿದ್ದರು.

"ಅಯ್ಯನವರೇ, ಲಾಭ ತಗೊಳ್ಳೋದು ಪಾಪವಾ?"

ಅವರು ಹಗ್ಗ ಬಿಟ್ಟು ನೋಡಿದರು. "ನಾನು ಹಾಗೆ ಯಾವತ್ತೂ ಹೇಳಿಲ್ಲವಲ್ಲಮ್ಮಾ. ಇನ್ನೊಬ್ಬನ ಕಷ್ಟ ನೋಡಿ ಬೆಲೆ ಏರಿಸೋದು ಪಾಪ. ಆಳಿನ ಕೂಲಿ ಹಿಡಿದಿಟ್ಟುಕೊಳ್ಳೋದು ಪಾಪ. ದುಡಿಮೆಗೆ ತಕ್ಕದ್ದು ತಗೊಂಡು, ಅದರಲ್ಲಿ ನಾಲ್ಕು ಜನಕ್ಕೆ ಆಗಿಬಂದರೆ ಅದು ಹೇಗೆ ಪಾಪ ಆಗುತ್ತೆ?"

"ಹಾಗಾದ್ರೆ ಅದನ್ನೇ ಭಾನುವಾರ ಪ್ರಸಂಗದಲ್ಲಿ ಹೇಳಿ. ಅವರ ಎದುರಿಗೆ."

ಅಯ್ಯನವರು ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದರು. ಅದು ಮತ್ತೆ ವಾಲಿತು.

"ನಿಮ್ಮ ಯಜಮಾನರ ಹರಕೆಯ ಕಥೆಯನ್ನು ನಾನು ಏಳು ಸಭೆಗಳಲ್ಲಿ ಹೇಳಿದ್ದೀನಮ್ಮಾ," ಅಂದರು, ಅವಳ ಮುಖ ನೋಡದೆ. "ಎಲ್ಲೆಲ್ಲಿಂದಲೋ ಜನ ಬಂದು ನಿಮ್ಮನ್ನ ನೋಡಿ ಹೋಗಿದ್ದಾರೆ. ಈಗ ನಾನೇ ಎದ್ದು ನಿಂತು ಅದು ಬೇಕಾಗಿರಲಿಲ್ಲ ಅಂದ್ರೆ?"

"ನನ್ನನ್ನ ಯಾರೂ ಕೇಳಲಿಲ್ಲ ಅಯ್ಯನವರೇ. ನನಗೆ ಅವತ್ತು ಎಚ್ಚರವೇ ಇರಲಿಲ್ಲ."

"ಗೊತ್ತು." ಕುರ್ಚಿಯ ಹಗ್ಗವನ್ನು ಮತ್ತೆ ಬಿಗಿಯುತ್ತ ಹೇಳಿದರು, "ಹಳೇ ಕಾಲದ ಕಟ್ಟಳೆಯಲ್ಲಿ, ಹೆಂಡತಿ ಹೊತ್ತ ಹರಕೆಯನ್ನ ಗಂಡ ರದ್ದು ಮಾಡಬಹುದು ಅಂತಿದೆ. ಗಂಡನದ್ದನ್ನ ಹೆಂಡತಿ..." ಮುಂದಿನ ಮಾತು ಅವರಿಗೇ ಬೇಡವಾಯಿತು. "ಪ್ರಾರ್ಥನೆ ಮಾಡೋಣಮ್ಮಾ," ಅಂದರು.

ಪ್ರಾರ್ಥನೆ ಮಾಡಿದರು. ಅವಳೂ ಕಣ್ಣು ಮುಚ್ಚಿದಳು. ಹೊರಗೆ ಬಂದಾಗ ಅವಳಿಗೆ ಗೊತ್ತಾದದ್ದು ಒಂದೇ: ತನ್ನ ಹಾಗೆ ಅಯ್ಯನವರೂ ಸಿಕ್ಕಿಬಿದ್ದಿದ್ದಾರೆ. ಬಿಡಿಸಲು ಅಲ್ಲಿಂದ ಯಾರೂ ಬರುವುದಿಲ್ಲ.

ಭಟ್ಟಿಗೆ ಮತ್ತೆ ಮಣ್ಣು ಮೆತ್ತಿ, ಉದುರಿದ ಇಟ್ಟಿಗೆಗಳನ್ನೇ ಹೇಗೋ ಕೂರಿಸಿ, ಗುರುವಾರ ಗಂಡ ತಾನೇ ಬೆಂಕಿ ಹಚ್ಚಿದ. ಶುಕ್ರವಾರ ಮೊದಲ ಬ್ರೆಡ್ಡು ಹೊರಬಂತು. ಅದನ್ನು ಗಲ್ಲಾದ ಬಳಿ ಜೋಡಿಸಿಟ್ಟು, ಮಾಮನ ತೋಳಿಗೆ ಪಟ್ಟಿ ಬದಲಾಯಿಸುವ ದಿನವೆಂದು ಅವನು ಆಸ್ಪತ್ರೆಗೆ ಹೋದ. ಅಂಗಡಿಯಲ್ಲಿ ಅವಳೊಬ್ಬಳೇ ಉಳಿದಳು.

ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ ಬೆಲೆ ಬರೆದಿತ್ತು. ಅವಳು ಒದ್ದೆ ಬಟ್ಟೆ ತೆಗೆದುಕೊಂಡು ಅದನ್ನು ಒರೆಸಿದಳು. ಸೀಮೆಸುಣ್ಣ ಕೈಗೆತ್ತಿಕೊಂಡಳು. ಅವಳಿಗೂ ಹೆದರಿಕೆ ಇರಲಿಲ್ಲವೆಂದಲ್ಲ. ಈ ಮೂರು ವರ್ಷದಲ್ಲಿ ಹೊಟ್ಟೆಯಲ್ಲಿ ಚುಳ್ಳೆಂದಾಗಲೆಲ್ಲ, ಗಂಡ ಎಲ್ಲೋ ಲೆಕ್ಕ ತಪ್ಪಿ ಒಂದು ಕಾಸು ಹೆಚ್ಚು ತೆಗೆದುಕೊಂಡನೇನೋ ಎಂದು ಅವಳಿಗೇ ಅನ್ನಿಸಿದ್ದುಂಟು. ಆದರೂ ಬರೆದಳು. ಒಂದು ಬ್ರೆಡ್ಡಿಗೆ ಎರಡು ಕಾಸು ಹೆಚ್ಚು. ಮಾವನ ಕಾಲದ ಲೆಕ್ಕ.

ಮೊದಲು ಬಂದವರು ಖಜಾಂಚಿ. ಹಲಗೆ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಏನಮ್ಮಾ ಇದು? ಹರಕೆ?"

"ಹರಕೆ ಅವರದು. ಬ್ರೆಡ್ಡು ನಮ್ಮಿಬ್ಬರದು."

"ನಿಮಗೇನಾದ್ರೂ ಆದ್ರೆ?"

"ಆದ್ರೆ ನೀವು ಬಂದು ಮಣ್ಣು ಹಾಕಿ. ಎಷ್ಟು ಬ್ರೆಡ್ಡು ಕೊಡಲಿ?"

ಅವರು ನಾಲ್ಕರ ಬದಲು ಎರಡು ತೆಗೆದುಕೊಂಡರು. ಕೆಲವರು ಹಾಗೇ ಹಿಂತಿರುಗಿದರು. ಒಬ್ಬ ಮುದುಕಿ ಮಾತ್ರ ಹಲಗೆಯ ಕಡೆ ನೋಡದೆ ಕಾಸು ಎಣಿಸಿ ಕೊಟ್ಟು, "ಮೊದಲು ಹೀಗೇ ಇತ್ತಲ್ಲ" ಅಂದು ಹೋದಳು.

ಹನ್ನೊಂದು ಗಂಟೆಗೆ ಗಂಡ ಬಂದ. ಹೊಸಿಲಲ್ಲೇ ನಿಂತು ಹಲಗೆ ಓದಿದ. ಮುಖದ ರಕ್ತವೆಲ್ಲ ಇಳಿದುಹೋಯಿತು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಜಾರಿಕೊಂಡರು. ಅವನು ಅಂಗಿಯ ತೋಳಿನಿಂದಲೇ ಬೆಲೆ ಒರೆಸಿದ. ಅವಳು ಗಲ್ಲಾದಿಂದ ಎದ್ದು ಬಂದು ಮತ್ತೆ ಬರೆದಳು. ಅವನು ಮತ್ತೆ ಒರೆಸಿದ. ಅವಳು ಮತ್ತೆ ಬರೆದಳು.

"ಬದುಕು ಸಾಕಾಯ್ತಾ ನಿನಗೆ?" ಧ್ವನಿ ಒಡೆದಿತ್ತು.

"ಬದುಕು ಸಾಕಾಗಿಲ್ಲ ರೀ. ಈ ರೇಟಿಗೆ ಬದುಕೋದು ಸಾಕಾಗಿದೆ."

"ಆ ಹನ್ನೊಂದು ದಿನ ನೀನು ನೋಡಿಲ್ಲ. ನಾನು ನೋಡಿದ್ದೀನಿ."

"ನೀವು ಮಾಮನ ತೋಳು ನೋಡ್ಕೊಂಡು ಬಂದ್ರಲ್ಲ ಈಗ. ಹೇಗಿದೆ?"

ಅವನು ಅಂಗಿಯ ತೋಳಿಗೆ ಹತ್ತಿದ ಸುಣ್ಣ ಕೊಡವಿಕೊಂಡ.

"ನಾನು ಹೇಳ್ತೀನಿ ಕೇಳಿ, ಸಿಟ್ಟಾಗಬೇಡಿ. ನೀವು ಲಾಭ ಬಿಟ್ಟಿದ್ದೀನಿ ಅಂತೀರಿ. ಎಲ್ಲಿ ಬಿಟ್ರಿ? ದೇವರ ಹತ್ತಿರ ಬ್ರೆಡ್ಡಿನ ಕಾಸು ಕೊಟ್ಟು ನನ್ನನ್ನ ತಗೊಂಡ್ರಿ. ಈ ಬೀದಿಯಲ್ಲಿ ಯಾರೂ ಮಾಡದಷ್ಟು ಲಾಭ ಅದು. ನಷ್ಟ ಆಗಿದ್ದು ಅಕ್ಕನ ಅಂಗಡಿಗೆ. ಮಾಮನ ತೋಳಿಗೆ. ಅವರನ್ನ ಯಾರು ಕೇಳಿದ್ರು?" ಅವಳು ಸೀಮೆಸುಣ್ಣ ಕೆಳಗಿಟ್ಟಳು. "ದೇವರು ನನ್ನನ್ನ ಸುಮ್ಮನೆ ಕೊಟ್ಟಿರಬಹುದು ಅಂತ ಒಂದು ದಿನಾನೂ ಅನ್ನಿಸಲಿಲ್ವಾ ನಿಮಗೆ?"

ಗಂಡ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ. ಯಾರಿಗೋ ತಪ್ಪೊಪ್ಪಿಕೊಳ್ಳುವವನ ಹಾಗೆ, "ಸುಮ್ಮನೆ ಕೊಟ್ಟಿದ್ರೆ ಸುಮ್ಮನೆ ತಗೊಂಡೂ ಹೋಗಬಹುದಲ್ಲ" ಅಂದ. "ಅದಕ್ಕೇ ನಾನು ಏನಾದ್ರೂ ಕೊಡ್ತಾ ಇರಬೇಕು."

ಆದರೆ ಅವನು ಹಲಗೆಯನ್ನು ಮತ್ತೆ ಒರೆಸಲಿಲ್ಲ.

ಬೆಲೆ ಹಾಗೇ ನಿಂತಿತು. ಅಯ್ಯನವರು ಪ್ರಸಂಗದಲ್ಲಿ ಹರಕೆಯ ಕಥೆ ಹೇಳುವುದನ್ನು ನಿಲ್ಲಿಸಿದರು. ಬೇರೆ ಏನನ್ನೂ ಹೇಳಲಿಲ್ಲ. ಮಾಮನಿಗೆ ಕೂತಲ್ಲಿಗೇ ಸಂಬಳ ಹೋಗತೊಡಗಿತು. ಎಂಟನೆಯ ತಿಂಗಳಿಗೆ ಭಟ್ಟಿಯ ಕಮಾನನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದರು. ಮಾಮನ ಬಲತೋಳು ಪೂರ್ತಿ ಚಾಚುವುದಿಲ್ಲ. ಸ್ಟೂಲಿನ ಮೇಲೆ ಕೂತು ಬೆಂಕಿಯ ಬಣ್ಣ ನೋಡಿ, ಈಗ ಹಾಕಿ, ಈಗ ತೆಗೀರಿ ಎನ್ನುತ್ತಾನೆ. ಮೂಲೆಯಂಗಡಿಯವಳನ್ನು, ಬನ್ನಿ ಅಕ್ಕಾ, ಕೂಡಿಯೇ ನಡೆಸೋಣ ಎಂದು ಬೇಕರಿಯಮ್ಮ ಕೇಳಿ ಬಂದಳು. "ಯೋಚನೆ ಮಾಡ್ತೀನಿ" ಅಂದವಳು ಬರಲಿಲ್ಲ. ಒಂದು ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ ಹಿಡಿದಿದ್ದಾಳೆ. ವಾರಕ್ಕೊಮ್ಮೆ ಬಂದು ಹೊಸ ಬೆಲೆಯನ್ನೇ ಕೊಟ್ಟು ಬ್ರೆಡ್ಡು ಒಯ್ಯುತ್ತಾಳೆ.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದಳು ಬೇಕರಿಯಮ್ಮ. ಚಳಿಯ ಶುರುವಿನಲ್ಲಿ ಅವಳಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರ. ಡಾಕ್ಟರು ಮಾತ್ರೆ ಕೊಟ್ಟು ಮಲಗಿರಿ ಅಂದರು. ಎರಡನೆಯ ದಿನ ಅಂಗಡಿಯ ಮೇಲಿನ ಮಹಡಿಯ ಕೋಣೆಯಲ್ಲಿ ಮಲಗಿದ್ದಾಗ ಕೆಳಗಿನಿಂದ ಗಿರಾಕಿಯೊಬ್ಬನ ಮಾತು ಕೇಳಿಸಿತು: "ಏನಣ್ಣಾ, ಇವತ್ತು ಹಳೇ ರೇಟು? ಅಮ್ಮನಿಗೆ ಹುಷಾರಿಲ್ವಾ?" ಅವಳು ವಾಸಿಯಾಗಿ ಕೆಳಗೆ ಬರುವ ಹೊತ್ತಿಗೆ ಹಲಗೆಯ ಮೇಲೆ ಬೆಲೆ ಮತ್ತೆ ಏರಿತ್ತು. ಆಮೇಲೆ ಒಂದು ಸಲ ಬೆನ್ನು ಹಿಡಿದು ಮಲಗಿದಳು. ಅವತ್ತೂ ಬ್ರೆಡ್ಡು ಅಗ್ಗ. ಕ್ರಮೇಣ ಬೀದಿಗೇ ಇದು ಗೊತ್ತಾಗಿಹೋಯಿತು. ಬೆಲೆ ಇಳಿದ ದಿನ ಜನ ಎರಡು ಬ್ರೆಡ್ಡು ಹೆಚ್ಚಿಗೆ ಕೊಂಡು, ಬೇಗ ಗುಣವಾಗಲಿ ಎಂದು ಹಾರೈಸಿ ಹೋಗುತ್ತಿದ್ದರು. ಭಟ್ಟಿಮಾಮ ಮಾತ್ರ ಆ ದಿನಗಳಲ್ಲಿ ಬೆಂಕಿಯನ್ನಷ್ಟೇ ನೋಡುತ್ತ ಕೂತಿರುತ್ತಿದ್ದ.

ಮೂರನೆಯ ಸಲ, ಮತ್ತೆ ಜ್ವರ ಬಂದಾಗ, ಅವಳು ಗಂಡ ಹಿಟ್ಟು ನಾದಲು ಇಳಿದುಹೋಗುವವರೆಗೂ ಹೊದ್ದು ಮಲಗಿದ್ದು, ಆಮೇಲೆ ಎದ್ದಳು. ಕೋಣೆ ಒಂದು ಸುತ್ತು ತಿರುಗಿತು. ಗೋಡೆ ಹಿಡಿದು ನಿಂತು, ಮುಖ ತೊಳೆದು, ತಲೆ ಬಾಚಿ, ಮೆಟ್ಟಿಲು ಒಂದೊಂದೇ ಇಳಿದಳು. ಗಂಡ ಆಗಲೇ ಹಲಗೆಯ ಮುಂದೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದ. ಬೆಳಿಗ್ಗೆ ಅವಳ ಉಸಿರಿನ ಬಿಸಿ ಅಂಗೈಗೆ ತಾಗಿತ್ತಲ್ಲ.

"ಏನಾಗಿಲ್ಲ ನನಗೆ," ಅಂದಳು.

ಅವನು ಅವಳನ್ನು ನೋಡಿದ. ಬಟ್ಟೆ ಕೆಳಗಿಟ್ಟು, ಒಳಗಿನಿಂದ ಬೆನ್ನಿರುವ ಕುರ್ಚಿಯೊಂದನ್ನು ತಂದು ಗಲ್ಲಾದ ಹಿಂದೆ ಹಾಕಿದ. ಅವಳು ಕೂತಳು. ಅವನು ಎದುರಿನ ಹಿಟ್ಟಿನ ಮೂಟೆಯ ಮೇಲೆ ಕೂತ, ಕಣ್ಣು ಅವಳ ಮೇಲಿಂದ ತೆಗೆಯದೆ. ಗಿರಾಕಿಗಳು ಬಂದರು, ಹಲಗೆ ನೋಡಿದರು, ಅವಳ ಮುಖ ನೋಡಿದರು, ಕಾಸು ಕೊಟ್ಟರು. ಕೈಕಾಲು ಸೋತು ಬರುತ್ತಿತ್ತು. ಬೆನ್ನನ್ನು ಒಂದು ಗಳಿಗೆ ಹಿಂದಕ್ಕೆ ಆನಿಸಿದರೂ ಸಾಕಿತ್ತು. ಆನಿಸಿದರೆ ಎಲ್ಲಿ ಅವನು ಎದ್ದು ಹಲಗೆ ಒರೆಸಿಬಿಡುತ್ತಾನೋ ಎಂದು, ಸಂಜೆ ಬಾಗಿಲು ಹಾಕುವವರೆಗೂ ಅವಳು ನೆಟ್ಟಗೆ ಕೂತೇ ಇದ್ದಳು.